ಬಾಂಡ್ಲಿ ಹೊತ್ತವಳ ಕೈಗೆ ಕರಣೆ ಬರಲಿ

ಮಲೆನಾಡಿನ ಯಾವ ಊರಿನಲ್ಲಿ ಮನೆ ಏಳುತ್ತಿದ್ದರೂ ಕಾಣುವ ನೋಟ ಒಂದೇ. ಗೋಡೆಯ ಮೇಲೆ ಕುಳಿತ ಗಾರೆಯವರು ಕರಣೆ ಆಡಿಸುತ್ತಿರುತ್ತಾರೆ. ಕೆಳಗಿನಿಂದ ಹೆಂಗಸರು ತಲೆಗೆ ಸಿಂಬಿ ಇಟ್ಟು ಬಾಂಡ್ಲಿ ಹೊತ್ತು ತರುತ್ತಿರುತ್ತಾರೆ. ಮರಳು ಜರಡಿ ಹಿಡಿಯುವುದು, ಹಳ್ಳದಿಂದ ನೀರು ತರುವುದು, ಕಲ್ಲು ಹೊರುವುದು, ಸಂಜೆ ಗೋಡೆಗೆ ನೀರುಣಿಸುವುದು ಎಲ್ಲವೂ ಅವರ ಪಾಲು. ಗಾರೆಯವರ ಜೊತೆ ನಾಲ್ಕೈದು ವರ್ಷ ದುಡಿದ ಹುಡುಗ ತೂಗುಗುಂಡು ಹಿಡಿಯಲು ಕಲಿತು ಮೇಸ್ತ್ರಿಯಾಗುತ್ತಾನೆ. ಅದೇ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದ ಹೆಂಗಸು ಕೂಲಿಯ ಲೆಕ್ಕದಲ್ಲಿ 'ಹೆಣ್ಣಾಳು' ಆಗಿಯೇ ಉಳಿಯುತ್ತಾಳೆ. ಅವಳು ಹೊತ್ತ ಕಲ್ಲುಗಳಿಂದ ಎಷ್ಟೋ ಮನೆಗಳು ಎದ್ದಿವೆ. ಆದರೂ ಸ್ವಂತ ಮನೆಯ ಗೋಡೆ ಬಿರುಕು ಬಿಟ್ಟರೆ ಅದನ್ನು ಸರಿಪಡಿಸಲು ಆಕೆ ಇನ್ನೊಬ್ಬರ ದಾರಿ ಕಾಯಬೇಕು.

ಬಡವರ ವಸತಿಯ ಚರ್ಚೆಯಲ್ಲಿ ಸಹಾಯಧನ ಎಷ್ಟು, ಫಲಾನುಭವಿಗಳ ಪಟ್ಟಿ ಯಾರದು, ಕಂತು ಯಾವಾಗ ಬಿಡುಗಡೆ ಎಂಬ ಮಾತುಗಳೇ ಮೇಲಾಗಿರುತ್ತವೆ. ಕಟ್ಟುವ ವಿದ್ಯೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಏಳುವುದು ಕಡಿಮೆ. ಮನೆ ಕೈಗೆಟುಕುವ ಬೆಲೆಗೆ ಸಿಗಬೇಕಾದರೆ, ಗುಡ್ಡ-ಹೊಳೆಗಳಿಗೆ ಪೆಟ್ಟಾಗದಂತೆ ಅದು ಏಳಬೇಕಾದರೆ, ಈ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು. ಜಗತ್ತಿನ ಬೇರೆ ಬೇರೆ ಕಡೆ ಹೆಂಗಸರು ಒಟ್ಟಾಗಿ, ಸ್ವಇಚ್ಛೆಯಿಂದ ಮನೆ ಕಟ್ಟಿದ ಉದಾಹರಣೆಗಳು ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾಗಿವೆ. ಅವುಗಳಿಂದ ಕಲಿಯುವುದಿದೆ, ಎಚ್ಚರಿಕೆ ವಹಿಸಬೇಕಾದದ್ದೂ ಇದೆ.

ಶಾರ್ಲಟ್ ನಗರದ ಒಂದು ಮನೆ

ಅಮೆರಿಕದಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ 1976ರಲ್ಲಿ 'ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ' ಎಂಬ ಸಂಸ್ಥೆ ಆರಂಭಿಸಿದರು. ಅದರ ಮೂಲತತ್ವ ಸರಳವಾದದ್ದು. ಸ್ವಯಂಸೇವಕರು ಬಂದು ಮನೆ ಕಟ್ಟುತ್ತಾರೆ. ಮನೆ ಪಡೆಯುವ ಕುಟುಂಬವೂ ನಿಗದಿತ ಗಂಟೆಗಳಷ್ಟು ದುಡಿಯಬೇಕು. ಅದು ಅವರ 'ಬೆವರಿನ ಬಂಡವಾಳ'. ಲಾಭವಿಲ್ಲದ ಬೆಲೆಯನ್ನು ಕುಟುಂಬವು ಸಣ್ಣ ಕಂತುಗಳಲ್ಲಿ ತೀರಿಸುತ್ತದೆ, ಆ ಹಣ ಮುಂದಿನ ಮನೆಗೆ ಹೋಗುತ್ತದೆ. ಇಲ್ಲಿ ಮನೆ ದಾನವೂ ಅಲ್ಲ, ಮಾರುಕಟ್ಟೆಯ ಸರಕೂ ಅಲ್ಲ.

ಈ ಸಂಸ್ಥೆಯಡಿ 1991ರಲ್ಲಿ ಉತ್ತರ ಕೆರೊಲೀನಾ ರಾಜ್ಯದ ಶಾರ್ಲಟ್ ನಗರದಲ್ಲಿ ಒಂದು ಮನೆಯನ್ನು ಹೆಂಗಸರ ತಂಡವೇ ಕಟ್ಟಿತು. ಕಟ್ಟಡದ ಜಾಗದಲ್ಲಿ ಗಂಡಸರಿದ್ದರೆ ಉಪಕರಣ ಅವರ ಕೈಗೆ ಹೋಗುತ್ತದೆ, ಎತ್ತಿಕೊಡುವ ಹಾಗೂ ಒಪ್ಪ ಮಾಡುವ ಕೆಲಸ ಹೆಂಗಸರಿಗೆ ಉಳಿಯುತ್ತದೆ ಎಂಬ ಅನುಭವ ಅಮೆರಿಕಕ್ಕೂ ಹೊಸದಲ್ಲ. ಕೆಲಸ ತಿಳಿಯದಿದ್ದರೂ ನಾಚಿಕೆಯಿಲ್ಲದೆ ಕೇಳಿ ಕಲಿಯಬಹುದಾದ ಒಂದು ಜಾಗ ಹೆಂಗಸರಿಗೆ ಬೇಕಿತ್ತು. ಆ ಮನೆಯಿಂದ ಹುಟ್ಟಿದ ಉತ್ಸಾಹ ಇತರ ಊರುಗಳಿಗೂ ಹಬ್ಬಿತು. 1998ರಲ್ಲಿ ಸಂಸ್ಥೆಯು ಅದಕ್ಕೊಂದು ಪ್ರತ್ಯೇಕ ಕಾರ್ಯಕ್ರಮದ ರೂಪ ಕೊಟ್ಟಿತು. ಗುಮಾಸ್ತೆಯರು, ಶಿಕ್ಷಕಿಯರು, ದಾದಿಯರು, ನಿವೃತ್ತರು ಸುತ್ತಿಗೆ ಹಿಡಿದು ಚಾವಣಿ ಏರುವುದು ಆ ದೇಶದಲ್ಲಿ ಸಹಜ ದೃಶ್ಯವಾಯಿತು.

ಇದೇ ಸಂಸ್ಥೆಯ ಕೆಲಸ ಪಶ್ಚಿಮ ಘಟ್ಟಕ್ಕೂ ಬಂದಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ಅವರ ಪತ್ನಿ ರೋಸಲಿನ್ ಕಾರ್ಟರ್ 1984ರಿಂದ ವರ್ಷಕ್ಕೊಂದು ವಾರವನ್ನು ಮನೆ ಕಟ್ಟುವ ಕೆಲಸಕ್ಕೆ ಮೀಸಲಿಟ್ಟಿದ್ದರು. 2006ರ ಆ ವಾರ ಮಹಾರಾಷ್ಟ್ರದ ಲೋಣಾವಳಾ ಸಮೀಪದ ಮಳವಲಿ ಎಂಬ ಹಳ್ಳಿಯಲ್ಲಿ ನಡೆಯಿತು. ದೇಶವಿದೇಶಗಳ ಸ್ವಯಂಸೇವಕರು ಸೇರಿ ಅಲ್ಲಿ 100 ಮನೆಗಳ ಕೆಲಸ ಮಾಡಿದರು. ಮಾಜಿ ಅಧ್ಯಕ್ಷರೊಬ್ಬರು ಮೈ ಬಗ್ಗಿಸಿ ದುಡಿದದ್ದನ್ನು ಕಂಡು, ಕೈಕೆಲಸವನ್ನು ಕೀಳೆಂದು ಭಾವಿಸುವ ಸಮಾಜ ಕಲಿಯಬೇಕಾದದ್ದು ಬಹಳವಿದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೊರಗಿನಿಂದ ಬಂದ ಸ್ವಯಂಸೇವಕರು ವಾರ ಕಳೆದ ಮೇಲೆ ಮರಳುತ್ತಾರೆ. ಮನೆ ಊರಿನಲ್ಲಿ ಉಳಿಯುತ್ತದೆ; ಮನೆ ಕಟ್ಟುವ ವಿದ್ಯೆ ಊರಿನಲ್ಲಿ ಉಳಿಯುತ್ತದೆಯೇ? ಶಾರ್ಲಟ್‌ನಲ್ಲಿ ಕಲಿತ ಕೈಗಳು ಅದೇ ಊರಿನ ಕೈಗಳಾಗಿದ್ದುದರಿಂದ ಮುಂದಿನ ಮನೆಗೂ ಬಂದವು. ಸೇವೆಯ ಬೆಲೆಯನ್ನು ಅಳೆಯಬೇಕಾದದ್ದು ಎಷ್ಟು ಮನೆ ಎದ್ದವು ಎಂಬುದರಿಂದ ಮಾತ್ರವಲ್ಲ, ಎಷ್ಟು ಮಂದಿ ಕಟ್ಟಲು ಕಲಿತರು ಎಂಬುದರಿಂದ ಕೂಡ.

ಸೀರೆಯಿಂದ ಅಳೆದ ಮನೆ

ಈ ಪ್ರಶ್ನೆಗೆ ಹೆಚ್ಚು ಗಟ್ಟಿಯಾದ ಉತ್ತರ ಕೊಟ್ಟವರು ಬಡ ಹೆಂಗಸರೇ. ಅವರು ಇನ್ನೊಬ್ಬರಿಗಾಗಿ ಕಟ್ಟಲಿಲ್ಲ, ಒಬ್ಬರಿಗೊಬ್ಬರು ಕಟ್ಟಿಕೊಂಡರು.

ಮುಂಬಯಿಯ ಬೈಕುಳಾ ಪ್ರದೇಶದ ಕಾಲುದಾರಿಗಳ ಮೇಲೆ ಜೋಪಡಿ ಹಾಕಿಕೊಂಡಿದ್ದ ಹೆಂಗಸರು 1980ರ ದಶಕದಲ್ಲಿ 'ಮಹಿಳಾ ಮಿಲನ್' ಎಂಬ ಸಂಘಟನೆ ಕಟ್ಟಿದರು. 1984ರಲ್ಲಿ ಆರಂಭವಾದ 'ಸ್ಪಾರ್ಕ್' ಸಂಸ್ಥೆಯೂ ಜೋಕಿನ್ ಅರ್ಪುದಂ ಕಟ್ಟಿದ ಕೊಳೆಗೇರಿ ನಿವಾಸಿಗಳ ಒಕ್ಕೂಟವೂ ಅವರ ಬೆನ್ನಿಗಿದ್ದವು. ಜೋಕಿನ್ ಕರ್ನಾಟಕದ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದು 2018ರಲ್ಲಿ ತೀರಿಕೊಂಡರು. ದಿನಕ್ಕೊಂದೆರಡು ರೂಪಾಯಿ ಉಳಿಸುತ್ತಿದ್ದ ಆ ಹೆಂಗಸರು ತಮ್ಮ ಮನೆಯ ನಕ್ಷೆಯನ್ನು ತಾವೇ ಯೋಚಿಸಿದರು. ಅಳತೆಪಟ್ಟಿ ಓದಲು ಬಾರದವರು ಸೀರೆಯ ಉದ್ದದಿಂದ ಕೋಣೆಯನ್ನು ಅಳೆದರು. ಹದಿನಾಲ್ಕು ಅಡಿ ಎತ್ತರದ ಕೋಣೆಯಾದರೆ ಒಳಗೆ ಅಟ್ಟ ಹಾಕಬಹುದು, ಮಲಗಲು ಜಾಗ ದೊರೆಯುತ್ತದೆ ಎಂಬುದು ಇಕ್ಕಟ್ಟಿನಲ್ಲಿ ಬದುಕಿದವರಿಗೆ ಹೊಳೆದ ವಿಚಾರ. ಕೋಲು, ಬಟ್ಟೆಗಳಿಂದ ನಿಜಗಾತ್ರದ ಮಾದರಿ ಮನೆಗಳನ್ನು ನಿಲ್ಲಿಸಿ, ಒಳಹೊಕ್ಕು ನೋಡಿ, ತಿದ್ದಿದರು.

ಈ ವಿದ್ಯೆ ಸಮುದ್ರ ದಾಟಿತು. ವರ್ಣಭೇದ ನೀತಿ ಕುಸಿಯುತ್ತಿದ್ದ ಕಾಲದಲ್ಲಿ ದಕ್ಷಿಣ ಆಫ್ರಿಕದ ಬಡವರ ಗುಂಪುಗಳಿಗೂ ಮುಂಬಯಿಯ ಈ ಸಂಘಟನೆಗಳಿಗೂ ನಂಟು ಬೆಳೆಯಿತು. ಕೇಪ್‌ಟೌನ್ ನಗರದ ಅಂಚಿನ ತಗಡಿನ ಗುಡಿಸಲುಗಳಲ್ಲಿದ್ದ ಹೆಂಗಸರು, ಬಹುಪಾಲು ಮನೆಗೆಲಸದವರು, 1992ರಲ್ಲಿ ಉಳಿತಾಯ ಗುಂಪೊಂದನ್ನು ಆರಂಭಿಸಿ, 1985ರಲ್ಲಿ ಹತ್ಯೆಯಾದ ಹೋರಾಟಗಾರ್ತಿ, ವಕೀಲೆ ವಿಕ್ಟೋರಿಯಾ ಮ್ಸೆಂಗೆ ಅವರ ಹೆಸರನ್ನು ಅದಕ್ಕಿಟ್ಟರು. ಭಾರತದಿಂದ ಬಂದ ಪಾಠ ಎರಡೇ: ದಿನವೂ ಉಳಿಸು, ಮನೆಯ ಮಾದರಿಯನ್ನು ನೀನೇ ಮಾಡು. ಫಿಲಿಪ್ಪಿ ಎಂಬಲ್ಲಿ ಚರ್ಚಿನ ಜಮೀನನ್ನು ಪಡೆದು, ಕಾಂಕ್ರೀಟು ಇಟ್ಟಿಗೆಗಳನ್ನು ತಾವೇ ಎರೆದು, ಸುಮಾರು 150 ಮನೆಗಳನ್ನು ಕಟ್ಟಿಕೊಂಡರು. 1998ರಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಕ್ಲಿಂಟನ್ ದಂಪತಿ ಆ ಬಡಾವಣೆಯನ್ನು ನೋಡಲು ಬಂದರು.

ಅಲ್ಲಿನ ಸರಕಾರ ಬಡ ಕುಟುಂಬಕ್ಕೆ ಕೊಡುತ್ತಿದ್ದ ವಸತಿ ಸಹಾಯಧನ ಆ ಕಾಲದಲ್ಲಿ ಗರಿಷ್ಠ 15,000 ರ‍್ಯಾಂಡ್. ಅಷ್ಟೇ ಹಣಕ್ಕೆ ಗುತ್ತಿಗೆದಾರರು ಕಟ್ಟಿಕೊಡುತ್ತಿದ್ದುದು ಬೆಂಕಿಪೆಟ್ಟಿಗೆಯೆಂದು ಜನ ಹಾಸ್ಯ ಮಾಡುವಷ್ಟು ಸಣ್ಣ ಮನೆ. ಈ ಹೆಂಗಸರು ಅದೇ ಸಹಾಯಧನಕ್ಕೆ ತಮ್ಮ ಉಳಿತಾಯ, ಸಾಲ, ಶ್ರಮ ಸೇರಿಸಿ ಅದಕ್ಕಿಂತ ಬಹಳ ದೊಡ್ಡ ಮನೆ ಕಟ್ಟಿದರು. ಗುತ್ತಿಗೆದಾರನ ಲಾಭ ಗೋಡೆಯಾಗಿ ಮಾರ್ಪಟ್ಟಿತು. ಹೆಂಗಸರ ಕೆಲಸ ಗಟ್ಟಿಯಾಗಿರದು ಎಂದು ಮೂಗು ಮುರಿದ ಗಂಡಸರೇ ಆಮೇಲೆ ನೋಡಲು ಬಂದರು.

ವಿದ್ಯೆ ಹೀಗೆ ಕೈಯಿಂದ ಕೈಗೆ ಸಾಗಿದ ಇನ್ನೊಂದು ನಿದರ್ಶನ ಕರ್ನಾಟಕದ ಗಡಿಯಾಚೆಯೇ ಇದೆ. 1993ರ ಸೆಪ್ಟೆಂಬರ್ 30ರ ಭೂಕಂಪ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳನ್ನು ನೆಲಸಮ ಮಾಡಿತು. ಮನೆಗಳ ದುರಸ್ತಿ, ಬಲವರ್ಧನೆಯ ಕಾರ್ಯದಲ್ಲಿ ಅಲ್ಲಿನ ಹಳ್ಳಿಯ ಹೆಂಗಸರೇ 'ಸಂವಾದ ಸಹಾಯಕ'ರಾಗಿ ತರಬೇತಿ ಪಡೆದು, ಮೂಲೆಗೆ ಕಬ್ಬಿಣ ಎಲ್ಲಿ ಬೇಕು, ಪಟ್ಟಿ ಎಲ್ಲಿ ಕಟ್ಟಬೇಕು ಎಂಬುದನ್ನು ಮನೆಮನೆಗೆ ತಿಳಿಸಿದರು. 2001ರ ಜನವರಿ 26ರಂದು ಕಚ್ಛ್ ನಡುಗಿದಾಗ ಲಾತೂರಿನ ಹೆಂಗಸರು ಅಲ್ಲಿಗೆ ಹೋಗಿ ಆ ಊರಿನ ಹೆಂಗಸರ ಜೊತೆ ಕುಳಿತರು. ಮಲೆನಾಡಿನ ಭಾಷೆಯಲ್ಲಿ ಹೇಳುವುದಾದರೆ ಇದು ಮುಯ್ಯಿ.

ಮಣ್ಣು ಬಲ್ಲವರು

ಮುಯ್ಯಿ ಎಂಬ ಮಾತನ್ನು ಮಲೆನಾಡಿಗೆ ಹೊರಗಿನಿಂದ ಕಲಿಸಬೇಕಾಗಿಲ್ಲ. ನಾಟಿಗೆ ಮುಯ್ಯಾಳು, ಸೋಗೆ ಹೊದೆಸಲು ಮುಯ್ಯಾಳು, ಕೊಯ್ಲಿನ ಕಾಲದ ರಾತ್ರಿಗಳಲ್ಲಿ ಒಬ್ಬರ ಮನೆಯ ಅಡಿಕೆಯನ್ನು ಇನ್ನೊಬ್ಬರು ಬಂದು ಸುಲಿಯುವ ಮುಯ್ಯಿ. ಹಣವಿಲ್ಲದವರಿಗೂ ಇಲ್ಲಿ ಆಳಿನ ಆಸರೆಯಿತ್ತು. ಮಣ್ಣಿನ ಗೋಡೆಗಳೂ ಹೀಗೆಯೇ ಎದ್ದವು. ಮಣ್ಣು ತುಳಿದು, ಮುದ್ದೆ ಮಾಡಿ, ಒಂದೊಂದೇ ಸುತ್ತು ಏರಿಸಿ, ಒಣಗಲು ಬಿಟ್ಟು, ಮತ್ತೆ ಏರಿಸುವ ಆ ಕೆಲಸದಲ್ಲಿ ಮನೆಯವರೂ ನೆರೆಯವರೂ ಸೇರುತ್ತಿದ್ದರು. ಗೋಡೆ ಸಾರಿಸಿ ನುಣುಪು ಮಾಡುವುದು, ನೆಲಕ್ಕೆ ಹದ ಹಾಕುವುದು, ಒಲೆ ಹೂಡುವುದು ಹೆಂಗಸರ ಕೈ. ಸಾಗರ-ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಬರೆದ ಹಸೆ ಚಿತ್ತಾರ ಅಂಥ ಗೋಡೆಯಿಂದ ಬೇರ್ಪಡಿಸಲಾಗದ ಕಲೆ. ಗೋಡೆ ಸಿಮೆಂಟಿನದಾದಾಗ ಚಿತ್ತಾರ ಕಾಗದಕ್ಕೂ ಬಟ್ಟೆಗೂ ಸರಿಯಿತು.

ಒಲೆಗೆ ಯಾವ ಮಣ್ಣು, ನೆಲಕ್ಕೆ ಯಾವ ಮಣ್ಣು, ಬಿರಿಯದಂತೆ ಎಷ್ಟು ಮರಳು, ಎಷ್ಟು ಸಗಣಿ ಎಂಬ ತಿಳಿವಳಿಕೆ ಸಣ್ಣದಲ್ಲ. ಅದು ಮಣ್ಣುವಿಜ್ಞಾನವೇ. ಮಳೆಗೆ ತೊಳೆದು ತೊಳೆದು ಕೆಂಪಾದ ಮಲೆನಾಡಿನ ಮಣ್ಣಿನಲ್ಲಿರುವ ಜೇಡಿ ಹೆಚ್ಚಾಗಿ ಕಯೋಲಿನೈಟ್ ಜಾತಿಯದು. ಎರೆಮಣ್ಣಿನಂತೆ ಅದು ನೀರು ಕುಡಿದು ಉಬ್ಬುವುದಿಲ್ಲ, ಒಣಗಿ ಬಾಯಿ ಬಿಡುವುದೂ ಇಲ್ಲ. ಆದ್ದರಿಂದಲೇ ಗೋಡೆಗೆ ಅದು ಒಗ್ಗುತ್ತದೆ. ಮೇಲಿನ ಕಪ್ಪು ಪದರ ಬೆಳೆಗೆ ಸೇರಿದ್ದು. ಅದರಲ್ಲಿರುವ ಸಾವಯವ ಅಂಶ ಗೋಡೆಗೆ ಶತ್ರು. ಅದನ್ನು ಬದಿಗಿಟ್ಟು ಕೆಳಗಿನ ಮಣ್ಣನ್ನು ತೆಗೆಯಬೇಕು. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಒಂದು ದಿನ ಇಟ್ಟರೆ ಮರಳು ತಳಕ್ಕೆ, ಅದರ ಮೇಲೆ ನುಣ್ಣನೆಯ ಕಣ, ತುದಿಗೆ ಜೇಡಿ ನಿಲ್ಲುತ್ತದೆ. ಜೇಡಿ ಹೆಚ್ಚಿದ್ದರೆ ಮರಳು ಅಥವಾ ಕಲ್ಲುಪುಡಿ ಬೆರೆಸಬೇಕೆಂದು ಆ ಬಾಟಲಿಯೇ ಹೇಳುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಹಳ್ಳಿಗೆ ಹೊಂದುವ ತಂತ್ರಜ್ಞಾನದ ಕೆಲಸ ಮಾಡಿತು. ಮಲೆನಾಡಿನ ಅಡುಗೆಮನೆಗಳಿಗೆ ಬಂದ ಅಸ್ತ್ರ ಒಲೆ ಬಹಳ ಜನರಿಗೆ ಗೊತ್ತು. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಬೆಳೆಸಿದ ಮಣ್ಣಿನ ಇಟ್ಟಿಗೆಯ ವಿದ್ಯೆ ಅಷ್ಟು ಪ್ರಚಾರ ಪಡೆಯಲಿಲ್ಲ. ಮಣ್ಣಿಗೆ ಶೇ. 6ರಿಂದ 8ರಷ್ಟು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು-ನಾಲ್ಕು ವಾರ ನೀರುಣಿಸಿದರೆ ಗೋಡೆಗೆ ಸಾಕಾಗುವ ಇಟ್ಟಿಗೆ ಸಿದ್ಧ. ಅದಕ್ಕೆ ಭಟ್ಟಿ ಬೇಡ, ಸೌದೆ ಬೇಡ. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಇಂಧನದ ಅರ್ಧಕ್ಕಿಂತ ಕಡಿಮೆಯಲ್ಲಿ ಇದರ ಗೋಡೆ ಏಳುತ್ತದೆ. ಯಂತ್ರದ ಉದ್ದ ಹಿಡಿಯನ್ನು ಎಳೆಯಲು ಇಬ್ಬರು, ಮಣ್ಣು ತುಂಬಲು ಒಬ್ಬರು, ಹೊತ್ತಿಡಲು ಇಬ್ಬರು ಸಾಕು. ಹತ್ತು ಹೆಂಗಸರ ಒಂದು ಸಂಘಕ್ಕೆ ಹೇಳಿ ಮಾಡಿಸಿದ ಕೆಲಸವಿದು.

ಪರಿಸರದ ಲೆಕ್ಕವೂ ಇಲ್ಲಿಯೇ ಇದೆ. ಚಿರೆಕಲ್ಲಿಗಾಗಿ ಕಡಿದ ಗುಡ್ಡಗಳು ಹೊಂಡಗಳಾಗಿ ಉಳಿದಿವೆ. ಹೊಳೆಯ ಮರಳು ಲಾರಿಯೇರಿ ಹೋಗಿ ಬಾವಿಗಳ ನೀರು ಕೆಳಗಿಳಿದಿದೆ. ಅಡಿಪಾಯ ತೋಡಿದಾಗ ಬರುವ ಮಣ್ಣಿನಿಂದಲೇ ಗೋಡೆಯ ದೊಡ್ಡ ಪಾಲು ಎದ್ದರೆ ಗುಡ್ಡಕ್ಕೂ ಹೊಳೆಗೂ ಅಷ್ಟು ಬಿಡುವು. ಮಣ್ಣಿನ ಗೋಡೆ ಮಳೆಗೆ ನಿಲ್ಲುವುದೇ ಎಂಬ ಶಂಕೆ ಸಹಜ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಮಲೆನಾಡಿನ ಹಲವೆಡೆ ಸುರಿದ ಮಳೆಗೆ ಮನೆಗಳು ಕುಸಿದುದನ್ನು ಯಾರೂ ಮರೆತಿಲ್ಲ. ಜಾರುವ ಗುಡ್ಡದ ಮೇಲೆ ಯಾವ ಗೋಡೆಯೂ ನಿಲ್ಲದು, ಕಾಂಕ್ರೀಟಿನದೂ ನಿಲ್ಲದು. ಉಳಿದ ಕಡೆ ಹಸಿಮಣ್ಣಿನ ಗೋಡೆ ಬೀಳುವುದು ಹೆಚ್ಚಾಗಿ ಅದರ ಬುಡ ನೆನೆದಾಗ. ಕಲ್ಲಿನ ಎತ್ತರದ ಪಂಚಾಂಗ, ಎರಡೂವರೆ-ಮೂರು ಅಡಿ ಮುಂಚಾಚಿದ ಮಾಡು, ಹಿಂಬದಿಯಲ್ಲಿ ನೀರು ಹರಿದುಹೋಗುವ ಕಾಲುವೆ ಇವು ಹಿರಿಯರು ಬಿಟ್ಟುಹೋದ ಮೂರು ಪಾಠಗಳು. ಖರ್ಚು ಉಳಿಸಲೆಂದು ಮಾಡನ್ನು ಗಿಡ್ಡ ಮಾಡಿದವರು ಗೋಡೆಯನ್ನು ಕಳೆದುಕೊಂಡರು.

ಬಿಟ್ಟಿಯಲ್ಲ, ಮುಯ್ಯಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. ಗದ್ದೆ, ತೋಟ, ಕೊಟ್ಟಿಗೆ, ಅಡುಗೆ, ಮಕ್ಕಳು, ಮುದುಕರು ಎಲ್ಲವನ್ನೂ ಹೊತ್ತಿರುವ ಹೆಂಗಸಿನ ತಲೆಯ ಮೇಲೆ ಮನೆ ಕಟ್ಟುವ ಕೆಲಸವನ್ನೂ ಹೊರಿಸುವುದು ನ್ಯಾಯವೇ? ಸ್ವಯಂಸೇವೆ, ಶ್ರಮದಾನ ಎಂಬ ಚೆಂದದ ಹೆಸರಿನಲ್ಲಿ ಕೂಲಿ ಉಳಿಸುವ ಉಪಾಯವಾಗಿ ಇದು ಪರಿಣಮಿಸುವುದಿಲ್ಲವೇ? ಈ ಆಕ್ಷೇಪ ಸರಿಯಾದದ್ದು. ಹೆಂಗಸರ ಬಿಟ್ಟಿ ದುಡಿಮೆಯಿಂದ ಮನೆ ಅಗ್ಗವಾಗುತ್ತದೆ ಎಂಬ ಲೆಕ್ಕವನ್ನು ಯಾವ ಅಧಿಕಾರಿ ಮುಂದಿಟ್ಟರೂ ಅದನ್ನು ತಿರಸ್ಕರಿಸಬೇಕು.

ಮುಯ್ಯಿಗೂ ಬಿಟ್ಟಿಗೂ ಇರುವ ಭೇದ ಮಲೆನಾಡಿನ ಕೃಷಿಕರಿಗೆ ಚೆನ್ನಾಗಿ ಗೊತ್ತು. ಬಿಟ್ಟಿಯಲ್ಲಿ ದುಡಿಮೆ ಒಂದೇ ಕಡೆಗೆ ಹರಿಯುತ್ತದೆ. ಮುಯ್ಯಿಯಲ್ಲಿ ಕೊಟ್ಟ ದಿನ ಮರಳಿ ಬರುತ್ತದೆ, ಅದಕ್ಕೆ ಲೆಕ್ಕವಿರುತ್ತದೆ. ಹೆಂಗಸರು ಸೇರಿ ಮನೆ ಕಟ್ಟುವುದಾದರೆ ಅದು ಮುಯ್ಯಿಯಾಗಿರಬೇಕು. ಹತ್ತು ಮನೆಯ ಗುಂಪಾದರೆ ಹತ್ತನೆಯ ಮನೆಯವಳಿಗೂ ಅವಳ ದಿನಗಳು ಸಿಗುವ ಖಾತ್ರಿ ಬೇಕು. ಅದಕ್ಕೊಂದು ಪುಸ್ತಕ ಬೇಕು. ಗೌಂಡಿ ಕೆಲಸ ಕಲಿತವಳು ಗುಂಪಿನ ಹೊರಗೆ ದುಡಿದಾಗ ಗಂಡಸು ಮೇಸ್ತ್ರಿಗೆ ಸಿಗುವ ಕೂಲಿಯೇ ಅವಳಿಗೂ ಸಿಗಬೇಕು. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮಹಿಳಾ ನಿರ್ಮಾಣ ತಂಡಗಳು ತರಬೇತಿ ಪಡೆದು ವಸತಿ ಯೋಜನೆಗಳ ಮನೆಗಳನ್ನು ಕಟ್ಟಿರುವುದು ಈ ದಾರಿಯಲ್ಲಿಯೇ. ಅವರಿಗೆ ಅದು ಸೇವೆಯಾಗಿ ಉಳಿಯದೆ ಉದ್ಯೋಗವಾಗಿದೆ.

ಇನ್ನೂ ಮುಖ್ಯವಾದದ್ದು ನೆಲದ ಹಕ್ಕು. ಫಿಲಿಪ್ಪಿಯ ಹೆಂಗಸರು ಮೊದಲು ಜಮೀನು ಪಡೆದರು, ಆಮೇಲೆ ಇಟ್ಟಿಗೆ ಮಾಡಿದರು. ಮಲೆನಾಡಿನಲ್ಲಿ ಎಷ್ಟೋ ಕುಟುಂಬಗಳ ಗುಡಿಸಲು ನಿಂತಿರುವ ನೆಲ ಕಂದಾಯದ ಕಡತದಲ್ಲೋ ಅರಣ್ಯದ ಕಡತದಲ್ಲೋ ತೂಗುತ್ತಿದೆ. 2006ರ ಅರಣ್ಯ ಹಕ್ಕು ಕಾಯಿದೆ, ಭೂಕಂದಾಯ ಕಾಯಿದೆಯ 94ಸಿ ಕಲಮು ಇದ್ದರೂ ಅರ್ಜಿಗಳು ಸರಿಯಾಗಿ ಇತ್ಯರ್ಥವಾಗದೆ ಮನೆಯ ಕನಸು ಕಟ್ಟುವಂತಿಲ್ಲ. ಕರ್ನಾಟಕದ ವಸತಿ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮನೆಯೊಡತಿಯ ಹೆಸರಿಗೆ ಮಂಜೂರಾಗುತ್ತದೆ. ಅದು ಒಳ್ಳೆಯ ನಿಯಮ. ಆದರೆ ಕಾಗದದ ಮೇಲೆ ಒಡತಿಯಾದವಳ ಮಾತಿಗೆ, ಬಾಗಿಲು ಎಲ್ಲಿರಬೇಕು, ಒಲೆಯ ಹೊಗೆ ಎಲ್ಲಿ ಹೋಗಬೇಕು ಎಂಬಲ್ಲಿ ಬೆಲೆಯಿಲ್ಲ. ಬಯಲುಸೀಮೆಗೂ ಘಟ್ಟಕ್ಕೂ ಒಂದೇ ನಕ್ಷೆ, ಒಂದೇ ಚಪ್ಪಟೆ ಚಾವಣಿ. ಮಳೆಗಾಲಕ್ಕೆ ಸೌದೆ, ದರಕು, ಅಡಿಕೆ ಎಲ್ಲಿಡಬೇಕೆಂದು ಆ ನಕ್ಷೆ ಬರೆದವರನ್ನು ಕೇಳಿದವರಿಲ್ಲ.

ಆರಂಭ ಎಲ್ಲಿಂದ

ಆರಂಭಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಜಿಲ್ಲೆಗೊಂದು ನಿರ್ಮಿತಿ ಕೇಂದ್ರವಿದೆ. ಕಡಿಮೆ ಖರ್ಚಿನ ಮನೆಗಳ ತಂತ್ರವನ್ನು ಕಲಿಸುವುದೇ ಆ ಕೇಂದ್ರಗಳ ಮೂಲ ಉದ್ದೇಶವಾಗಿತ್ತು. ಕೇರಳದ ಕೊಲ್ಲಂನಲ್ಲಿ 1980ರ ದಶಕದಲ್ಲಿ, ಲಾರಿ ಬೇಕರ್ ಅವರ ವಿಚಾರಗಳ ನೆರಳಿನಲ್ಲಿ ಹುಟ್ಟಿದ ಕಲ್ಪನೆ ಅದು. ಗುತ್ತಿಗೆ ಕಾಮಗಾರಿಗಳ ಮಧ್ಯೆ ಮರೆತುಹೋದ ಆ ಉದ್ದೇಶವನ್ನು ನೆನಪಿಸಿ, ಪ್ರತಿ ತಾಲೂಕಿನಲ್ಲೂ ಹೆಂಗಸರಿಗೆ ಗಾರೆ ಕೆಲಸದ ತರಬೇತಿಯನ್ನು ಕೇಳಿ ಪಡೆಯಬೇಕು. ಗ್ರಾಮ ಪಂಚಾಯತಿಗೊಂದು ಇಟ್ಟಿಗೆ ಒತ್ತುವ ಯಂತ್ರವಿದ್ದರೆ ಸಂಘಗಳು ಸರದಿಯ ಮೇಲೆ ಬಳಸಬಹುದು. ಕಟ್ಟುವ ಜಾಗದಲ್ಲಿ ಶೌಚದ ವ್ಯವಸ್ಥೆ, ಎಳೆಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಲೇಬೇಕು. ಇವಿಲ್ಲದೆ ಹೆಂಗಸರನ್ನು ಕೆಲಸಕ್ಕೆ ಕರೆಯುವುದು ಅವರ ಕಷ್ಟವನ್ನು ಅರಿಯದವರ ಮಾತು.

ಕಾಲವನ್ನೂ ಅರಿಯಬೇಕು. ಅಡಿಕೆಯ ಕೊಯ್ಲು, ಸುಲಿತ ಮುಗಿದ ಮೇಲೆ, ಮುಂಗಾರಿಗೆ ಮುನ್ನ ಸಿಗುವುದು ಮೂರು ತಿಂಗಳು. ಮೊದಲ ಬೇಸಿಗೆಯಲ್ಲಿಯೇ ಪೂರ್ತಿ ಮನೆಗೆ ಕೈಹಾಕುವುದು ಬೇಡ. ಒಂದು ಬಚ್ಚಲುಮನೆ, ಒಂದು ಕೊಟ್ಟಿಗೆಯ ಗೋಡೆ, ಅಂಗನವಾಡಿಯ ಜಗಲಿ ಇಂಥ ಸಣ್ಣ ಕೆಲಸಗಳಲ್ಲಿ ಕೈ ಪಳಗಲಿ. ಗೋಡೆ ಸೊಟ್ಟವಾದರೆ ಕೆಡವಿ ಮತ್ತೆ ಕಟ್ಟಲಿ. ಮಣ್ಣಿನ ಕೆಲಸದಲ್ಲಿ ಕೆಡವಿದ್ದು ನಷ್ಟವಾಗುವುದು ಕಡಿಮೆ. ಒಂದು ಮಳೆಗಾಲ ಆ ಗೋಡೆ ಹೇಗೆ ನಿಂತಿತು ಎಂಬುದನ್ನು ನೋಡಿ ಎರಡನೆಯ ಬೇಸಿಗೆಯಲ್ಲಿ ಮನೆಗೆ ಇಳಿಯಲಿ. ಗಂಡಸರು ದೂರ ಉಳಿಯಬೇಕೆಂದಲ್ಲ. ಕಲಿಸಬಲ್ಲ ಮೇಸ್ತ್ರಿಗಳು ಬೇಕು, ತೊಲೆ ಎತ್ತಲು ಕೈ ಬೇಕು. ಕರಣೆಯನ್ನು ಕಸಿದುಕೊಳ್ಳದೆ ಬದಿಯಲ್ಲಿ ನಿಲ್ಲುವ ತಾಳ್ಮೆ ಅವರಿಗಿದ್ದರೆ ಸಾಕು. ಆ ದಿನಗಳ ಮಟ್ಟಿಗೆ ಒಲೆಯ ಮುಂದೆ ಕೂರುವ ಮನಸ್ಸೂ ಇದ್ದರೆ ಇನ್ನೂ ಒಳ್ಳೆಯದು.

ಕೊಟ್ಟ ಮನೆ ಹಳತಾಗುತ್ತದೆ, ಸೋರುತ್ತದೆ, ಮತ್ತೊಂದು ಅರ್ಜಿಗೆ ಕಾರಣವಾಗುತ್ತದೆ. ಕಲಿತ ವಿದ್ಯೆ ಹಾಗಲ್ಲ. ಅದು ತಾಯಿಯಿಂದ ಮಗಳಿಗೆ, ಊರಿನಿಂದ ಊರಿಗೆ ಹೋಗುತ್ತದೆ, ಬೈಕುಳಾದಿಂದ ಕೇಪ್‌ಟೌನಿಗೆ, ಲಾತೂರಿನಿಂದ ಕಚ್ಛಿಗೆ ಹೋದ ಹಾಗೆ. ಇಷ್ಟು ವರ್ಷ ಬಾಂಡ್ಲಿ ಹೊತ್ತವರಿಗೆ ಮಣ್ಣಿನ ಹದ ಗೊತ್ತು, ಕಲ್ಲಿನ ತೂಕ ಗೊತ್ತು. ಇನ್ನು ಅವರ ಕೈಗೆ ಬರಬೇಕಾದದ್ದು ಕರಣೆ, ತೂಗುಗುಂಡು ಮತ್ತು ನೆಲದ ಕಾಗದ.